ಕಾಫಿ ಕಣದಲ್ಲಿ ಮೊದಲ ಟೆಂಟು

ಮೂಡಿಗೆರೆ, ಕಳಸದ ಕಡೆ ಸಮತಟ್ಟಾದ ಜಾಗ ಎಂದರೆ ಎರಡೇ. ಒಂದು, ಕಣಿವೆಯ ತಳದ ಗದ್ದೆ. ಇನ್ನೊಂದು, ತೋಟದ ಮನೆಯ ಮುಂದಿನ ಕಾಫಿ ಕಣ. ಉಳಿದದ್ದೆಲ್ಲ ಏರು, ಇಲ್ಲವೇ ಇಳುಕಲು. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ಕಣಕ್ಕೆ ಕಾಲಿಡಲೂ ಜಾಗವಿರದು. ಅದರ ಹಿಂದೆಯೇ ರೋಬಸ್ಟಾ ಬರುತ್ತದೆ. ಕೊನೆಯ ಚೀಲ ಹೊಲಿದು ಲಾರಿ ಹತ್ತಿಸಿದ ಮೇಲೆ ಕಣ ಗುಡಿಸಿ ಬಿಟ್ಟರೆ ಮುಂದಿನ ಕೊಯ್ಲಿನವರೆಗೆ ಅದು ಖಾಲಿ. ಮಕ್ಕಳು ಕ್ರಿಕೆಟ್ ಆಡುತ್ತಾರೆ, ನಾಯಿ ಮಲಗುತ್ತದೆ. ಮೊದಲ ಬಾರಿ ಟೆಂಟು ಹೂಡಿ ರಾತ್ರಿ ಕಳೆಯಬೇಕು ಎಂದುಕೊಂಡವರಿಗೆ ಈ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮಳೆ ನೀರು ಹರಿದು ಹೋಗುವಂತೆ ಅದಕ್ಕೆ ಸಣ್ಣ ವಾಟವಿರುತ್ತದೆ. ಸುತ್ತ ಪೊದೆಯಿಲ್ಲ. ನಡುರಾತ್ರಿ ಹೊಟ್ಟೆ ಕೆಟ್ಟರೆ ಮನೆಯ ಶೌಚಾಲಯ ಇಪ್ಪತ್ತು ಹೆಜ್ಜೆಯಲ್ಲಿ ಸಿಗುತ್ತದೆ.

ಆದರೆ ಬೆಂಗಳೂರಿನಿಂದ ಟೆಂಟು ಹೊತ್ತು ಹೊರಡುವವರ ಮನಸ್ಸಿನಲ್ಲಿರುವುದು ಕಣವಲ್ಲ, ಗುಡ್ಡದ ನೆತ್ತಿ. ಎಡವಟ್ಟು ಶುರುವಾಗುವುದೂ ಅಲ್ಲಿಂದಲೇ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, 1,894 ಮೀಟರಿನ ಕುದುರೆಮುಖ, ಎತ್ತಿನಭುಜ, ಬಲ್ಲಾಳರಾಯನದುರ್ಗ, ಇವುಗಳಲ್ಲಿ ಯಾವುದರ ನೆತ್ತಿಯ ಮೇಲೂ ಹೋದವರು ಹೋದಂತೆ ಟೆಂಟು ಹೂಡುವಂತಿಲ್ಲ. ಕುದುರೆಮುಖ ಶಿಖರ ಇರುವುದು ರಾಷ್ಟ್ರೀಯ ಉದ್ಯಾನದೊಳಗೆ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಕಾವಲು. ಚಾರಣಕ್ಕೆ ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ಪಡೆಯಬೇಕು, ದಿನಕ್ಕೆ 300 ಜನರಿಗಷ್ಟೇ ಅವಕಾಶ, ಬೆಳಗ್ಗೆ ಹತ್ತಿದವರು ಸಂಜೆಯೊಳಗೆ ಇಳಿದಿರಬೇಕು. ಮುಳ್ಳಯ್ಯನಗಿರಿಗೆ 2025ರ ಸೆಪ್ಟೆಂಬರ್‌ನಿಂದ ವಾಹನಗಳಿಗೂ ಆನ್‌ಲೈನ್ ನೋಂದಣಿ ಬಂದಿದೆ. ನೆತ್ತಿಯ ಬೋಳು ಹುಲ್ಲುಗಾವಲು ನೋಡಿದರೆ ಇದು ಯಾರ ಜಾಗವೂ ಅಲ್ಲ ಅನ್ನಿಸುವುದು ಸಹಜ. ಮಲೆನಾಡಿನಲ್ಲಿ ಯಾರದ್ದೂ ಅಲ್ಲದ ಜಾಗ ಎಂಬುದೇ ಇಲ್ಲ. ಒಂದೋ ಅರಣ್ಯ ಇಲಾಖೆಯದು, ಇಲ್ಲವೇ ಕಂದಾಯದ್ದು, ಇಲ್ಲವೇ ಯಾರದೋ ತೋಟ. ಟೆಂಟಿನ ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಜಾಗ ಯಾರದ್ದು?

ಕಾನೂನಿನ ತಂಟೆಯಿಲ್ಲದ ದಾರಿಗಳು ಎರಡು. ಕಾಡೊಳಗೇ ಇರಬೇಕು ಎನ್ನುವವರಿಗೆ ಸರ್ಕಾರಿ ಪ್ರಕೃತಿ ಶಿಬಿರಗಳಿವೆ. ಕುದುರೆಮುಖದ ಭದ್ರೆಯ ಬದಿಯ ಭಗವತಿ, ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಮುತ್ತೋಡಿ ಇದಕ್ಕೆ ಹೆಸರಾದವು. ಆದರೆ ಅಲ್ಲಿ ಸ್ವಂತ ಟೆಂಟು ಬಿಚ್ಚುವ ಪ್ರಶ್ನೆ ಬರುವುದಿಲ್ಲ. ಮೊದಲೇ ಕಾಯ್ದಿರಿಸಿ, ಅವರು ಕೊಟ್ಟ ಕಡೆ ಮಲಗಬೇಕು. ಎರಡನೆಯದು ತೋಟ. ಮೂಡಿಗೆರೆ, ಆಲ್ದೂರು, ಬಾಳೂರು, ಸಂಸೆ, ಕಳಸ, ಹೊರನಾಡು ಸುತ್ತಮುತ್ತ ಹೋಮ್‌ಸ್ಟೇ ನಡೆಸುವ ಎಷ್ಟೋ ಬೆಳೆಗಾರರು ಟೆಂಟಿಗೂ ಜಾಗ ಕೊಡುತ್ತಾರೆ. ಕೆಲವರು ತಮ್ಮದೇ ಟೆಂಟು, ಹಾಸಿಗೆ, ರಾತ್ರಿಯೂಟ ಸೇರಿಸಿ ತಲೆಗಿಷ್ಟು ಎಂದು ಹೇಳುತ್ತಾರೆ. ಹೊಸಬರಿಗೆ ಇದೇ ವಾಸಿ. ಒಂದು ರಾತ್ರಿ ಬಾಡಿಗೆಯ ಟೆಂಟಿನಲ್ಲಿ ಮಲಗಿ ಬೆನ್ನು ಏನು ಹೇಳುತ್ತದೆ ಎಂದು ಕೇಳಿಕೊಂಡರೆ ಅನವಶ್ಯಕ ಖರ್ಚು ಎಷ್ಟೋ ಉಳಿಯುತ್ತದೆ.

ಕಾಯ್ದಿರಿಸುವ ಮುನ್ನ ಫೋನಿನಲ್ಲಿ ಕೇಳಬೇಕಾದದ್ದು ಬಾರ್ಬಿಕ್ಯೂ ಇದೆಯೇ ಎಂದಲ್ಲ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ, ಟೆಂಟು ಹೂಡುವ ಜಾಗ ಮನೆಯಿಂದ ಎಷ್ಟು ದೂರ, ಕಾಡಿನಿಂದ ಎಷ್ಟು ದೂರ, ರಾತ್ರಿ ಗಾಳಿಮಳೆ ಬಂದರೆ ಓಡಿ ಸೇರಿಕೊಳ್ಳಲು ಒಂದು ಕೋಣೆಯಾದರೂ ಇದೆಯೇ ಎಂದು ಕೇಳಬೇಕು. 2021ರ ಜನವರಿಯಲ್ಲಿ ನೆರೆಯ ವಯನಾಡಿನ ಮೇಪ್ಪಾಡಿಯಲ್ಲಿ, ಬೆಟ್ಟದ ಮೇಲಿನ ರೆಸಾರ್ಟೊಂದರ ಟೆಂಟಿನಲ್ಲಿ ತಂಗಿದ್ದ ಯುವತಿಯೊಬ್ಬರು ಕಾಡಾನೆ ದಾಳಿಗೆ ಬಲಿಯಾದರು. ಅದಾದ ಮೇಲೆಯೇ ಅಲ್ಲಿನ ಆಡಳಿತ ಪರವಾನಗಿ ಇಲ್ಲದ ಟೆಂಟುಗಳ ಬೆನ್ನು ಹತ್ತಿತು.

ಆನೆ ಮೂಡಿಗೆರೆಯವರಿಗೆ ದೂರದ ಮಾತಲ್ಲ. 2022ರ ನವೆಂಬರ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಕುಂದೂರು ಬಳಿ ಮಹಿಳೆಯೊಬ್ಬರು ಆನೆ ತುಳಿತಕ್ಕೆ ಸಿಕ್ಕಿ ಸತ್ತಾಗ ಊರಿಗೆ ಊರೇ ಸಿಡಿದೆದ್ದಿತ್ತು. ಸರ್ಕಾರ ಆನೆ ಕಾರ್ಯಪಡೆ ಮಾಡಿದ್ದು ಆ ಹೊತ್ತಿನಲ್ಲೇ. ತೋಟದಲ್ಲಿ ಆನೆ ಓಡಾಟ ಇದೆಯೇ ಎಂದರೆ ಮಾಲೀಕರಿಗಿಂತ ತೋಟದ ಲೆಕ್ಕ ಬರೆಯುವ ರೈಟರೋ ಲೈನುಮನೆಗಳಲ್ಲಿರುವ ಆಳುಗಳೋ ಸರಿಯಾಗಿ ಹೇಳುತ್ತಾರೆ. ಬೆಳಗಾಗುತ್ತಲೇ ಲದ್ದಿ, ಹೆಜ್ಜೆ, ಮುರಿದ ಬಗನಿ ಮರ ಕಣ್ಣಿಗೆ ಬೀಳುವುದು ಅವರಿಗೇ ತಾನೆ. ಹಲಸಿನ ಮರದ ಕೆಳಗೆ, ಬಾಳೆಯ ಪಕ್ಕದಲ್ಲಿ ಟೆಂಟು ಹೂಡುವುದೆಂದರೆ ಆನೆಯ ತಟ್ಟೆಯ ಪಕ್ಕದಲ್ಲಿ ಹಾಸಿಗೆ ಹಾಸಿದಂತೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಅದರ ವಾಸನೆ ಆನೆಗೆ ಎಷ್ಟು ದೂರಕ್ಕೂ ಮುಟ್ಟುತ್ತದೆ. ಊರಿನವರು ‘ಇವತ್ತು ಬೇಡ ಸಾರ್, ಒಳಗೆ ಮಲಗಿ’ ಎಂದರೆ ವಾದಿಸದೆ ಒಳಗೆ ಮಲಗಬೇಕು.

ಇನ್ನು ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯೋಚನೆಯೇ ಬೇಡ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳಲ್ಲಿ ಗುಡ್ಡವೇ ಜಾರಿ ಮನೆ ತೋಟಗಳ ಮೇಲೆ ಕೂತಿತ್ತು, ಚಾರ್ಮಾಡಿ ಘಾಟಿ ಬಂದಾಗಿತ್ತು. ಮಳೆ ಹಿಂದೆ ಸರಿದ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಆರಂಭ ಹೊಸಬರಿಗೆ ಬಹಳ ಹದವಾದ ಸಮಯ. ಗುಡ್ಡ ಹಸಿರಾಗಿರುತ್ತದೆ, ಕಣ ಇನ್ನೂ ತುಂಬಿರುವುದಿಲ್ಲ. ಡಿಸೆಂಬರ್, ಜನವರಿಯ ಚಳಿ ಚೆನ್ನ. ಆದರೆ ಆಗ ಕಣ ಸಿಗದು, ತೋಟದವರಿಗೆ ಮಾತಾಡಲೂ ಪುರುಸೊತ್ತಿರದು. ಮನೆಯ ಹಿತ್ತಲಿನಲ್ಲೋ ಅಂಗಳದ ಮೂಲೆಯಲ್ಲೋ ಹೊಂದಿಸಿಕೊಳ್ಳಬೇಕು. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಹೂಮಳೆಯ ಕಾಲ. ಒಂದು ಹದ ಮಳೆ ಬಿದ್ದು ಕೆಲವೇ ದಿನಗಳಲ್ಲಿ ತೋಟವೆಲ್ಲ ಬಿಳಿಯಾಗಿ, ಮಲ್ಲಿಗೆಯನ್ನು ನೆನಪಿಸುವ ಕಂಪು ರಾತ್ರಿಯಿಡೀ ಟೆಂಟಿನೊಳಗೆ ನುಗ್ಗುತ್ತಿರುತ್ತದೆ. ಅದಕ್ಕಾಗಿಯೇ ಬರುವವರಿದ್ದಾರೆ. ಆದರೆ ಅದೇ ಮಳೆ ಗುಡುಗು, ಸಿಡಿಲು, ಒಮ್ಮೊಮ್ಮೆ ಆಲಿಕಲ್ಲು ಕಟ್ಟಿಕೊಂಡೇ ಬರುವುದು. ಮಳೆ ಬಾರದ ವರ್ಷ ರೋಬಸ್ಟಾ ತೋಟಗಳಲ್ಲಿ ರಾತ್ರಿಯೂ ಸ್ಪ್ರಿಂಕ್ಲರ್ ಓಡುತ್ತದೆ. ಅದರ ನೀರು ಚಿಮ್ಮುವ ಜೆಟ್ ಎಲ್ಲಿ ನಿಲ್ಲಿಸುತ್ತಾರೆ ಎಂದು ಕೇಳದೆ ಟೆಂಟು ಹೂಡಿದರೆ ನಡುರಾತ್ರಿ ಕೃತಕ ಮಳೆಯಲ್ಲಿ ನೆನೆಯುವ ಯೋಗ. ಮುಂಗಾರಿಗೆ ಮೊದಲು ಶಿಲೀಂಧ್ರನಾಶಕ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲೂ ಗಿಡಗಳ ನಡುವೆ ಮಲಗುವುದು ಬೇಡ.

ಟೆಂಟಿನ ಅಂಗಡಿಯಲ್ಲಿ ‘ಇಬ್ಬರಿಗೆ’ ಎಂದು ಬರೆದಿರುವುದನ್ನು ನಂಬಬಾರದು. ಅದು ಇಬ್ಬರು ಅಲುಗಾಡದೆ ಮಲಗಿದಾಗಿನ ಲೆಕ್ಕ. ಚೀಲ, ಬೂಟು, ಒದ್ದೆ ಜಾಕೆಟ್ಟು ಎಲ್ಲ ಒಳಗೇ ಬರಬೇಕಾದ ಈ ಸೀಮೆಯಲ್ಲಿ ಇಬ್ಬರಿಗೆ ಮೂವರ ಟೆಂಟು, ಮೂವರಿಗೆ ನಾಲ್ವರದ್ದು ಸರಿ. ಎರಡನೆಯದಾಗಿ ನೋಡಬೇಕಾದದ್ದು ಪದರ. ಒಂದೇ ಪದರದ ಅಗ್ಗದ ಟೆಂಟು ಬಯಲುಸೀಮೆಗೆ ನಡೆದೀತು, ಮಲೆನಾಡಿಗೆ ಸಲ್ಲದು. ಜಾಲರಿಯ ಒಳ ಟೆಂಟು, ಅದರ ಮೇಲೆ ಮುಟ್ಟದಂತೆ ನಿಲ್ಲುವ ಹೊರ ಹೊದಿಕೆ ಎರಡೂ ಬೇಕು. ಹೊದಿಕೆಯ ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತದೆ ಎಂಬುದನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. 1,500ಕ್ಕಿಂತ ಕೆಳಗಿನದನ್ನು ಕೊಳ್ಳುವುದು ಬೇಡ, 2,000ದಿಂದ 3,000 ಇದ್ದರೆ ಹೂಮಳೆಯ ಅಬ್ಬರಕ್ಕೂ ನಿಶ್ಚಿಂತೆ. ಸಿಮೆಂಟು ಕಣದ ಮೇಲೆ ಗೂಟ ಇಳಿಯುವುದಿಲ್ಲವಾದ್ದರಿಂದ ಕಂಬಿಗಳ ಬಲದ ಮೇಲೆ ತಾನೇ ನಿಲ್ಲುವ ಗುಮ್ಮಟದಾಕಾರದ ಟೆಂಟೇ ಬೇಕು. ಹಗ್ಗಗಳನ್ನು ಕಲ್ಲಿಗೋ ನೀರು ತುಂಬಿದ ಕ್ಯಾನಿಗೋ ಕಟ್ಟಬಹುದು. ಬೆಂಗಳೂರಿನ ಡೆಕಥ್ಲಾನ್ ಮಳಿಗೆಗಳಲ್ಲಿ ಇಂಥವನ್ನು ಬಿಚ್ಚಿ ನಿಲ್ಲಿಸಿರುತ್ತಾರೆ. ಒಳಗೆ ಹೋಗಿ ಮಲಗಿ ನೋಡಲು ನಾಚಬೇಕಿಲ್ಲ.

ಕೊಂಡ ಮೇಲೆ ಮೊದಲ ಸಲ ಬಿಚ್ಚುವುದು ಮನೆಯ ತಾರಸಿಯ ಮೇಲಾಗಲಿ. ಕಂಬಿ ಯಾವ ತೂತಿಗೆ, ಹೊದಿಕೆಯ ಮುಂಭಾಗ ಯಾವುದು ಎಂಬುದು ಮೂಡಿಗೆರೆಯ ಕತ್ತಲಲ್ಲಿ ಕಲಿಯುವ ವಿದ್ಯೆಯಲ್ಲ. ತೋಟ ತಲುಪುವುದೂ ಸಂಜೆ ನಾಲ್ಕರೊಳಗೆ ಆದರೆ ಒಳ್ಳೆಯದು. ಗುಡ್ಡದ ಮರೆಯಲ್ಲಿ ಸೂರ್ಯ ಪಂಚಾಂಗಕ್ಕಿಂತ ಬೇಗ ಮುಳುಗುತ್ತಾನೆ.

ಈ ಗುಡ್ಡಗಳಲ್ಲಿ ಟೆಂಟಿನ ದೊಡ್ಡ ಶತ್ರು ಮಳೆಯಲ್ಲ, ಇಬ್ಬನಿ ಮತ್ತು ಒಳಗಿನ ಉಸಿರು. ಚಳಿಯೆಂದು ಎಲ್ಲ ಜಿಪ್ಪುಗಳನ್ನೂ ಬಿಗಿದು ಮಲಗಿದ ಮೂವರ ಉಸಿರಿನ ಆವಿ ತಣ್ಣನೆಯ ಹೊದಿಕೆಗೆ ತಗಲಿ ನೀರಾಗಿ, ಬೆಳಗಿನ ಜಾವ ಮೂಗಿನ ಮೇಲೆ ತೊಟ್ಟಿಕ್ಕುತ್ತದೆ. ಟೆಂಟು ಸೋರುತ್ತಿದೆ ಎಂದು ಅಂಗಡಿಯವನನ್ನು ಬೈದುಕೊಳ್ಳುವವರಲ್ಲಿ ಅರ್ಧ ಜನ ತಮ್ಮ ಉಸಿರಿನಲ್ಲೇ ನೆಂದವರು. ಮೇಲಿನ ಗಾಳಿಕಿಂಡಿ ಯಾವಾಗಲೂ ತೆರೆದಿರಬೇಕು. ಟೆಂಟಿನ ಅಡಿಗೆ ಹಾಸುವ ಟಾರ್ಪಾಲು ಟೆಂಟಿಗಿಂತ ಒಂದು ಗೇಣು ಒಳಗೇ ಇರುವಂತೆ ಮಡಚಬೇಕು. ಹೊರಗೆ ಚಾಚಿದ ಟಾರ್ಪಾಲು ಮಳೆ ನೀರನ್ನು ಹಿಡಿದು ನೇರ ಬೆನ್ನಿನಡಿಗೆ ತಂದುಬಿಡುತ್ತದೆ.

ಗದ್ದೆ ಬಯಲು ಕಣ್ಣಿಗೆ ಎಷ್ಟೇ ಚೆಂದವಿದ್ದರೂ ಮಲಗಲು ತಕ್ಕುದಲ್ಲ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಹರಿದು ಕಣಿವೆಯ ತಳದಲ್ಲಿ ಕೆರೆಯಂತೆ ನಿಲ್ಲುತ್ತದೆ. ಬೆಳಗ್ಗೆ ಗದ್ದೆಯ ಮೇಲೆ ಮಲಗಿರುವ ಮಂಜೇ ಅದಕ್ಕೆ ಸಾಕ್ಷಿ. ಹಳೆಯ ತೋಟದ ಮನೆಗಳು ಇಳಿಜಾರಿನ ನಡುವೆ ಕೂತಿರುವುದನ್ನು ಗಮನಿಸಿದರೆ ಟೆಂಟಿಗೂ ಜಾಗ ಯಾವುದೆಂದು ತಿಳಿಯುತ್ತದೆ. ಸಿಲ್ವರ್ ಓಕ್ ಸಾಲಿನ ಕೆಳಗೆ ಇಬ್ಬನಿ ಕಡಿಮೆ, ನಿಜ. ಆದರೆ ಒಣಗಿದ ಕೊಂಬೆ ತಲೆಯ ಮೇಲೆ ನೇತಾಡುತ್ತಿದೆಯೇ ಎಂದು ಕತ್ತೆತ್ತಿ ನೋಡದೆ ಅಲ್ಲಿ ಗೂಟ ಬಡಿಯುವುದು ಬೇಡ.

ಚಳಿ ಮೇಲಿನಿಂದ ಬರುತ್ತದೆ ಎಂದು ಎರಡು ರಗ್ಗು ಹೊದೆಯುವವರು ಬೆಳಗಿನವರೆಗೆ ನಡುಗುತ್ತಾರೆ. ಚಳಿ ಬರುವುದು ನೆಲದಿಂದ. ಮೈಭಾರಕ್ಕೆ ಅಮುಕಿದ ಸ್ಲೀಪಿಂಗ್ ಬ್ಯಾಗಿನ ಒಳತುಂಬು ಬೆನ್ನಿನಡಿ ಚಪ್ಪಟೆಯಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಆದ್ದರಿಂದ ಕಡಿಮೆ ದುಡ್ಡಿದ್ದರೆ ಮೊದಲು ಕೊಳ್ಳಬೇಕಾದದ್ದು ಒಳ್ಳೆಯ ಫೋಮ್ ಚಾಪೆ. ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ಮೂರು ಉಷ್ಣಾಂಶ ಬರೆದಿರುತ್ತಾರೆ. ‘ಕಂಫರ್ಟ್’ ಎಂದಿರುವುದನ್ನಷ್ಟೇ ನೋಡಬೇಕು, ಉಳಿದವು ಜೀವ ಹಿಡಿದುಕೊಂಡಿರಬಹುದು ಎಂಬ ಲೆಕ್ಕ. ಮೂಡಿಗೆರೆ, ಕಳಸದ ತೋಟಗಳಿಗೆ 10 ಡಿಗ್ರಿಯ ಬ್ಯಾಗು ಸಾಕು. ಸಾವಿರ ಮೀಟರು ಮೇಲೇರಿದರೆ ಸುಮಾರು 6 ಡಿಗ್ರಿ ಇಳಿಯುತ್ತದೆ, ಹಾಗಾಗಿ ಮುಳ್ಳಯ್ಯನಗಿರಿ ಕಡೆಯ ಎತ್ತರದ ತೋಟಗಳಿಗೆ 5 ಡಿಗ್ರಿಯದು ಇರಲಿ. ಮನೆಯಲ್ಲಿ ಅಜ್ಜನ ಕಾಲದ ಕರಿ ಕಂಬಳಿ ಇದ್ದರೆ ಅದನ್ನೂ ಎತ್ತಿಕೊಳ್ಳಬಹುದು. ಕುರಿಯ ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ, ಮಲೆನಾಡಿನ ಆಳುಗಳು ಅದನ್ನೇ ಕೊಪ್ಪೆ ಮಾಡಿ ಹಾಕಿಕೊಂಡು ಮಳೆಗಾಲವಿಡೀ ಗದ್ದೆಯಲ್ಲಿ ದುಡಿದವರು. ಜೀನ್ಸ್ ಪ್ಯಾಂಟು ಮಾತ್ರ ಬೇಡ. ನೆಂದರೆ ಎರಡು ದಿನ ಒಣಗದು.

ಜಿಗಣೆಯ ವಿಷಯ ಕೇಳದೆ ಯಾರೂ ಹೊರಡುವುದಿಲ್ಲ. ಮಲೆನಾಡಿನವರ ಬಾಯಲ್ಲಿ ಅದು ಇಂಬಳ, ಕೆಲವೆಡೆ ಉಂಬಳ. ನೋವಿಲ್ಲ, ವಿಷವಿಲ್ಲ, ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಅಷ್ಟೇ. ಪ್ಯಾಂಟಿನ ತುದಿಯನ್ನು ಉದ್ದನೆಯ ಕಾಲುಚೀಲದೊಳಗೆ ಸೇರಿಸಿ, ಹೊಗೆಸೊಪ್ಪಿನ ಪುಡಿಯನ್ನೋ ಉಪ್ಪನ್ನೋ ಎಣ್ಣೆಯಲ್ಲಿ ಕಲಸಿ ಬೂಟಿಗೆ ಸವರಿದರೆ ಸಾಕು. ನಿಜವಾಗಿ ಹೆದರಬೇಕಾದದ್ದು ಇಂಬಳಕ್ಕಲ್ಲ, ಕಣ್ಣಿಗೆ ಸರಿಯಾಗಿ ಕಾಣದ ಉಣುಗಿಗೆ. ಮಂಗನ ಕಾಯಿಲೆ ಎಂದು ಕರೆಯುವ ಕ್ಯಾಸನೂರು ಕಾಡಿನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನಲ್ಲಿ. ಈಗ ಅದು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಿಗೂ ಹೊಸದಲ್ಲ. 2024ರಲ್ಲಿ ಜಿಲ್ಲೆಯಲ್ಲಿ ಸಾವೂ ಆಯಿತು. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಸರಿಯಾಗಿ ಟೆಂಟಿನ ಕಾಲದಲ್ಲೇ ಅದರ ಹಾವಳಿ. ತರಗೆಲೆಯ ಮೇಲೆ ಬರಿಮೈಯಲ್ಲಿ ಕೂರುವುದು, ಕಾಡಂಚಿನಲ್ಲಿ ಮಲಗುವುದು ಬೇಡ. ಮಂಗ ಸತ್ತು ಬಿದ್ದ ಸುದ್ದಿ ಇದ್ದ ಕಡೆ ಹೋಗಲೇಬಾರದು. ಆರೋಗ್ಯ ಇಲಾಖೆ ಹಂಚುವ ಡೀಪಾ ತೈಲವನ್ನೋ, ಔಷಧಿ ಅಂಗಡಿಯ ಕೀಟ ನಿವಾರಕವನ್ನೋ ಕೈಕಾಲಿಗೆ ಹಚ್ಚಿಕೊಂಡು, ಸಂಜೆ ಬಿಸಿನೀರು ಸೋಪಿನಲ್ಲಿ ಮೈ ಉಜ್ಜಿ, ಹಾಕಿದ್ದ ಬಟ್ಟೆಯನ್ನು ಬೇರೆ ಚೀಲದಲ್ಲಿ ಕಟ್ಟಿಡಬೇಕು. ಊರಿಗೆ ಮರಳಿದ ಹತ್ತು ಹದಿನೈದು ದಿನದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ‘ಮಲೆನಾಡಿಗೆ ಹೋಗಿದ್ದೆ’ ಎಂಬ ಮಾತನ್ನು ಮೊದಲೇ ಹೇಳಬೇಕು. ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಆ ಒಂದು ಮಾತಿಲ್ಲದೆ ಯಾರಿಗೂ ಅದು ಹೊಳೆಯಲಿಕ್ಕಿಲ್ಲ.

ಹಾವಿನ ವಿಚಾರದಲ್ಲಿ ಒಂದೇ ನಿಯಮ: ಜಿಪ್ಪು. ಒಳಗೆ ಹೋಗುವಾಗ, ಹೊರಗೆ ಬರುವಾಗ, ಒಂದು ನಿಮಿಷಕ್ಕಾದರೂ ಸರಿ, ಎಳೆಯಬೇಕು. ಬೂಟನ್ನು ತಲೆಕೆಳಗು ಮಾಡಿ ಕೊಡವಿಯೇ ಹಾಕಿಕೊಳ್ಳಬೇಕು. ಕಚ್ಚಿದರೆ ಕುಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬಿಟ್ಟು ತಾಲ್ಲೂಕು ಆಸ್ಪತ್ರೆಗೆ ಹೊರಡಬೇಕು.

ದೀಪಕ್ಕೂ ಇಲ್ಲಿ ಲೆಕ್ಕವಿದೆ. ಕೈ ಖಾಲಿ ಇರುವಂತೆ ಹಣೆಗೆ ಕಟ್ಟುವ ಹೆಡ್‌ಲ್ಯಾಂಪ್ ತಲೆಗೊಂದು ಬೇಕೇ ಬೇಕು. ಆದರೆ ಟೆಂಟಿನ ಸುತ್ತ ಸೀರಿಯಲ್ ಸೆಟ್ಟು ಇಳಿಬಿಟ್ಟು ಫೋಟೊ ತೆಗೆಯುವ ಹುಚ್ಚು ಕಾಫಿ ಹೂವಿನ ಕಾಲದಲ್ಲಿ ಒಳ್ಳೆಯದಲ್ಲ. ಹೂವಿಗೆ ಬಂದ ಹೆಜ್ಜೇನು ರಾತ್ರಿಯ ಪ್ರಖರ ಬೆಳಕಿಗೂ ಬರುತ್ತದೆ. ಬೆಳದಿಂಗಳಲ್ಲಿ ಹೂವು ಹುಡುಕಿ ಹಾರುವ ಹುಳು ಅದು. ಮಂದ ಬೆಳಕು, ಹೆಡ್‌ಲ್ಯಾಂಪಿನಲ್ಲಿ ಕೆಂಪು ದೀಪವಿದ್ದರೆ ಅದು, ಸಾಕಾಗುತ್ತದೆ. ಸೆಂಟು ಹಾಕಿಕೊಂಡು ಬರುವ ಅಗತ್ಯವೂ ಇಲ್ಲ.

ಅಡುಗೆಗೆ ಸಣ್ಣ ಗ್ಯಾಸ್ ಒಲೆ ಸಾಕು, ಅದೂ ಟೆಂಟಿನಿಂದ ಹೊರಗೆ. ಚಳಿಯೆಂದು ಇದ್ದಿಲ ಕುಂಡವನ್ನು ಟೆಂಟಿನೊಳಗೆ ತಂದಿಟ್ಟುಕೊಂಡವರು ಬೆಳಗ್ಗೆ ಏಳದೇ ಹೋದ ಸುದ್ದಿಗಳು ಪ್ರತಿ ಚಳಿಗಾಲದಲ್ಲೂ ದೇಶದ ಎಲ್ಲಿಂದಲಾದರೂ ಬರುತ್ತವೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬೆಂಕಿ ಹಾಕಲೇಬೇಕೆಂದರೆ ಮಾಲೀಕರು ತೋರಿಸಿದ ಜಾಗದಲ್ಲಿ, ಪಕ್ಕದಲ್ಲಿ ಎರಡು ಕೊಡ ನೀರಿಟ್ಟುಕೊಂಡು. ಮಾರ್ಚ್‌ನ ತೋಟದಲ್ಲಿ ಕಾಲಿಟ್ಟಲ್ಲೆಲ್ಲ ಸಿಲ್ವರ್ ಎಲೆ ಹಪ್ಪಳದಂತೆ ಮುರಿಯುತ್ತಿರುತ್ತದೆ, ಒಂದು ಕಿಡಿ ಸಾಕು. ಮೊದಲ ಸಲ ಅಡುಗೆಯ ಸಾಹಸವೇ ಬೇಡ ಎನ್ನುವವರು ಬುದ್ಧಿವಂತರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಪಾತಿ ಚಟ್ನಿಪುಡಿ, ಅವಲಕ್ಕಿ, ಬಾಳೆಹಣ್ಣು ಕಟ್ಟಿಕೊಂಡರೆ ಒಂದು ರಾತ್ರಿ ಸಲೀಸಾಗಿ ಕಳೆಯುತ್ತದೆ. ಉಳಿದ ತಿಂಡಿಯನ್ನು ಮಾತ್ರ ಟೆಂಟಿನಲ್ಲಿಡದೆ ಕಾರಿನಲ್ಲೋ ಮನೆಯೊಳಗೋ ಇಡಬೇಕು. ಇರುವೆ, ಹೆಗ್ಗಣ, ಬೆಳಗಾದರೆ ಮಂಗ, ಯಾರೂ ಕರೆಗೆ ಕಾಯುವುದಿಲ್ಲ.

ಹೊಳೆ ದಂಡೆಯ ಮರಳಿನ ಮೇಲೆ ಟೆಂಟು ಎಷ್ಟೇ ಆಸೆ ಹುಟ್ಟಿಸಲಿ, ಬೇಡ. ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮಳೆಗಾಲದಲ್ಲಿ ಭದ್ರೆಯಲ್ಲಿ ಮುಳುಗುವುದು ಊರಿನವರಿಗೆ ಗೊತ್ತಿದ್ದದ್ದೇ. ಕುದುರೆಮುಖದ ಗುಡ್ಡದಲ್ಲಿ ಬಿದ್ದ ಮಳೆ ಕೆಳಗೆ ಮೋಡವೇ ಇಲ್ಲದ ಹೊತ್ತಿನಲ್ಲೂ ಹೊಳೆಯನ್ನು ಏರಿಸುತ್ತದೆ. ತೋಟದ ಕೆರೆಗಳಲ್ಲಿ ಈಜುವುದೂ ಬೇಡ, ನೀರಾವರಿಗೆಂದು ಯಂತ್ರದಲ್ಲಿ ತೋಡಿದ ಅವುಗಳ ಅಂಚು ಒಮ್ಮೆಗೇ ಆಳಕ್ಕಿಳಿಯುತ್ತದೆ.

ಕಳಸ, ಸಂಸೆಯ ಎಷ್ಟೋ ತೋಟಗಳಲ್ಲಿ ಮೊಬೈಲ್ ಸಿಗ್ನಲ್ ಸಿಗದು. ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಎಲ್ಲಿ ತಂಗುತ್ತೇವೆ ಎಂದು ಮನೆಗೆ ತಿಳಿಸಿ ಹೊರಡಬೇಕು. ತುರ್ತಿಗೆ 112, ಕಾಡುಪ್ರಾಣಿಯ ವಿಷಯಕ್ಕೆ ಅರಣ್ಯ ಸಹಾಯವಾಣಿ 1926. ಮಾಮೂಲು ಮಾತ್ರೆ, ಬ್ಯಾಂಡೇಜು, ಓಆರ್‌ಎಸ್ ಪೊಟ್ಟಣ, ಪವರ್‌ಬ್ಯಾಂಕ್, ಚೂರಿ, ಹತ್ತು ಮೀಟರ್ ನೈಲಾನ್ ಹಗ್ಗ, ಕಸ ತುಂಬಲು ಎರಡು ದೊಡ್ಡ ಚೀಲ ಇದ್ದರೆ ಉಳಿದದ್ದು ತೋಟದ ಮನೆಯಲ್ಲೇ ಸಿಗುತ್ತದೆ.

ಬೆಳಗ್ಗೆ ಇಬ್ಬನಿ ಆರುವ ಮೊದಲೇ ಟೆಂಟು ಮಡಚುವ ಆತುರ ಹೊಸಬರದು. ಒದ್ದೆಯಲ್ಲೇ ಸುತ್ತಿಟ್ಟ ಬಟ್ಟೆಗೆ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯುತ್ತದೆ, ನೀರು ತಡೆಯುವ ಲೇಪ ಕ್ರಮೇಣ ಕಿತ್ತು ಬರುತ್ತದೆ. ಬಿಸಿಲು ಬೀಳುವವರೆಗೆ ಹೊದಿಕೆಯನ್ನು ಕಣದ ಮೇಲೆ ಹರಡಿ, ಮನೆಯವರು ಕೊಟ್ಟ ಬೆಲ್ಲದ ಕಾಫಿ ಕುಡಿಯುತ್ತಾ ಕೂರಬಹುದು. ಕಾಫಿಗೆಂದೇ ಕಟ್ಟಿದ ಒಣಗಿಸುವ ಜಾಗ ತಾನೆ ಅದು. ಬೆಂಗಳೂರು ಸೇರಿದ ಮೇಲೆ ಬಾಲ್ಕನಿಯ ತಂತಿಯ ಮೇಲೆ ಇನ್ನೊಂದು ದಿನ ಹಾಕಬೇಕು, ಮಡಿಕೆಯಲ್ಲಿ ಅಡಗಿ ಕೂತ ಇಂಬಳವಿದ್ದರೆ ಅದೂ ಆಗ ಹೊರಬೀಳುತ್ತದೆ. ಕಣ ಬಿಡುವ ಮೊದಲು ಗೂಟಗಳನ್ನು ಎಣಿಸಬೇಕು. ಅಂಚಿನ ಹುಲ್ಲಿನಲ್ಲಿ ಕಂತಿದ ಒಂದು ಗೂಟ ಕಣ್ಣಿಗೆ ಬೀಳದೆ ಉಳಿದುಬಿಡಬಹುದು. ನವೆಂಬರ್‌ನಲ್ಲಿ ಅದೇ ಕಣದ ಮೇಲೆ ಬರಿಗಾಲಲ್ಲಿ ಕಾಫಿ ಎಳೆಯುವ ಹೆಂಗಸರು ಓಡಾಡುತ್ತಾರೆ.